ತಮ್ಮನ ಸ್ವಭಾವವೂ ಕಾಯಿಲೆ ಲೆಕ್ಕಕ್ಕೆ ಬರ್ತದಾ? (ಬೈಪೋಲಾರ್ ಖಿನ್ನತೆ ಬಗ್ಗೆ ಗೊತ್ತಿರೋರು ಹೇಳಿ)

ಹೊಳೆಯಾಚೆ ಕೇಳಿದ್ದು:

ಸ್ವಲ್ಪ ಉದ್ದ ಆಗ್ತದೆ, ಬೇಜಾರು ಮಾಡ್ಕೊಬೇಡಿ.

ನಾನಿರೋದು ಶಿವಮೊಗ್ಗ. ತವರು ತೀರ್ಥಹಳ್ಳಿಯಿಂದ ಆಗುಂಬೆ ದಾರಿಯಲ್ಲಿ ಹೋಗಿ ಒಳಗೆ ತಿರುಗಿದ್ರೆ ಸಿಗೋ ಊರು. ಮನೇಲಿ ಅಪ್ಪ, ಅಮ್ಮ, ತಮ್ಮ. ತಮ್ಮನಿಗೆ ಈಗ 34. ಅವನ 23ನೇ ವರ್ಷದಲ್ಲಿ ಮೊದಲ ಸಲ 'ಏರಿತು'. ಅದು ಹೆಂಗಿರ್ತದೆ ಅಂತ ಗೊತ್ತಿಲ್ಲದವರಿಗೆ: ಹತ್ತು ಹನ್ನೊಂದು ದಿನ ಕಣ್ಣು ಮುಚ್ಚಲಿಲ್ಲ. ಮರದ ಮೇಲಿದ್ದ ಅಡಿಕೆಗೇ ಮಾತು ಕೊಟ್ಟು ಮುಂಗಡ ತಂದ. ಆ ದುಡ್ಡಲ್ಲಿ ಹೋಂಸ್ಟೇ ಕಟ್ತೀನಿ ಅಂತ ಹೊಳೆ ಬದಿಗೆ ನಾಲ್ಕು ಲೋಡು ಜಲ್ಲಿ ಹೊಡೆಸಿದ. ಜಲ್ಲಿ ಈಗಲೂ ಅಲ್ಲೇ ಬಿದ್ದಿದೆ, ಮೇಲೆ ಕಮ್ಯುನಿಸ್ಟ್ ಗಿಡ ಹಬ್ಬಿದೆ. ಅದಾದ ಮೇಲೆ ಇಳಿದದ್ದು ಎಂಟು ತಿಂಗಳು, ಜಗಲಿ ಮೂಲೆ ಬಿಟ್ಟು ಏಳಲಿಲ್ಲ. ಬೈಪೋಲಾರ್ ಅಂದ್ರು, ಮನಸ್ಸು ಹೀಗೆ ಅತಿಯಾಗಿ ಏರಿ ಇಳಿಯೋ ಕಾಯಿಲೆ. ಅದಕ್ಕೆ ಲಿಥಿಯಂ ಮಾತ್ರೆ ಶುರು ಮಾಡಿದ್ರು. ಹತ್ತು ವರ್ಷ ಚೆನ್ನಾಗೇ ಹೋಯ್ತು.

ಕಳೆದ ವರ್ಷ ಕೈ ಸಣ್ಣಗೆ ನಡುಗ್ತದೆ, ಅಡಿಕೆ ಸುಲಿಯೋ ಕತ್ತಿ ಮುಂದೆ ಕೂರೋಕೆ ಆಗಲ್ಲ ಅಂತ ಯಾರಿಗೂ ಹೇಳದೆ ಮಾತ್ರೆ ಬಿಟ್ಟಿದ್ದಾನೆ. ನಮಗೆ ಗೊತ್ತಾಗಿದ್ದು ಈ ಆಶ್ಲೇಷ ಮಳೆಯಲ್ಲಿ, ಪೂರ್ತಿ ಕುಸಿದ ಮೇಲೆ. ಅದೂ ತಡವಾಗಿ. ಈ ಸಲ ಅಡಿಕೆಗೆ ಕೊಳೆ ರೋಗ ಜೋರು, ಎಲೆಚುಕ್ಕೆ ರೋಗ ಬೇರೆ. ಅರ್ಧ ಫಸಲು ನೆಲದ ಮೇಲಿತ್ತು. 'ಇಂಥ ವರ್ಷ ಯಾರು ನಗ್ತಾರೆ' ಅಂತ ನಾವೇ ಸಮಾಧಾನ ಹೇಳ್ಕೊಂಡು ಎರಡು ತಿಂಗಳು ಕಳೆದ್ವಿ. ಮಧ್ಯದಲ್ಲಿ ಮಾವ ಒಬ್ರು ಹತ್ತಿರದ ಪೇಟೆಯ ಒಂದು ಕ್ಲಿನಿಕ್ಕಿಗೆ ಕರ್ಕೊಂಡು ಹೋದ್ರು. ಹಳೇ ಕಥೆ ಅವರು ಹೇಳಲಿಲ್ಲ, ಅಲ್ಲಿಯವರು ಕೇಳಲಿಲ್ಲ. ಬರೀ ಖಿನ್ನತೆ ಮಾತ್ರೆ ಕೊಟ್ರು. ಹತ್ತು ದಿನಕ್ಕೆ ರಾತ್ರಿ ಎರಡು ಗಂಟೆಗೆ ಅಂಗಳದಲ್ಲಿ ಶತಪಥ. ಅಳ್ತಾನೆ, ನಗ್ತಾನೆ, ಒಂದು ಮಾತು ಮುಗಿಯೋ ಮೊದಲು ಇನ್ನೊಂದು. ಶಿವಮೊಗ್ಗಕ್ಕೆ ತಂದು ತೋರಿಸಿದ್ವಿ. ಆ ಮಾತ್ರೆ ನಿಲ್ಲಿಸಿ ಲಿಥಿಯಂ ಮತ್ತೆ ಶುರು ಮಾಡಿದ್ರು.

ಈಗ ನನ್ನ ಪ್ರಶ್ನೆ. ಅಲ್ಲಿ ಅವನ ಕೈಗೆ ಒಂದು ಉದ್ದದ ಪ್ರಶ್ನೆ ಪತ್ರಿಕೆ ಕೊಟ್ರು. ಹೌದು ಅಥವಾ ಇಲ್ಲ ಅಂತ ಗುರುತು ಹಾಕೋದು. ಕಾರಣವಿಲ್ಲದೆ ಮನಸ್ಸು ಏರಿಳಿಯುತ್ತಾ, ಬೇಗ ರೇಗ್ತೀರಾ, ಈ ಥರ. ಆಮೇಲೆ ಡಾಕ್ಟರು ನನ್ನ ಒಬ್ಬಳನ್ನೇ ಕರೆದು, 'ಕಾಯಿಲೆ ಒಂದೇ ಅಲ್ಲಮ್ಮ, ಅಪಾಯ ಎಷ್ಟು ಅಂತ ನೋಡುವಾಗ ಸ್ವಭಾವವೂ ಲೆಕ್ಕಕ್ಕೆ ಬರುತ್ತೆ. ಇವರು ದುಡುಕಿನವರಾ?' ಅಂದ್ರು. ಹೌದು, ದುಡುಕಿನವನೇ. ಸಣ್ಣವನಿದ್ದಾಗ ಈಜು ಬರೋ ಮೊದಲೇ ತುಂಗೆಗೆ ಹಾರಿದವನು. ಮನೆಗೆ ಬಂದು ಹೇಳಿದ್ರೆ ಅಪ್ಪ, 'ಸಿಟ್ಟು, ದುಡುಕು ನಮ್ಮ ಮನೆತನದ್ದೇ, ಅವನ ಹಣೇಲಿ ಬರ್ದಿದ್ದು ನಾವು ಅಳಿಸೋಕೆ ಆಗ್ತದಾ' ಅಂತ ಎದ್ದು ಹೋದ್ರು.

ಇನ್ನೊಂದು ಇದೆ, ಬರೆಯೋಕೆ ಕೈ ಬರ್ತಿಲ್ಲ. ಮೊನ್ನೆ ರಾತ್ರಿ ಸುಲಿತದ ಹೊತ್ತಿಗೆ ನಾವಿಬ್ಬರೇ ಇದ್ವಿ. ಒಂದು ಬಲ್ಬು, ಹಂಡೆಯಲ್ಲಿ ಅಡಿಕೆ ಬೇಯಿಸೋ ಚೊಗರು ಕುದೀತಾ ಇತ್ತು. ಅವನು ತಲೆ ಎತ್ತದೆ, 'ಕೊನೆಗಾರನ ನಂಬರ್ ಬರ್ಕೊ, ಮುಂದಿನ ವರ್ಷ ನೀನೇ ಹೇಳ್ಬೇಕಾಗ್ತದೆ' ಅಂದ. (ಕೊನೆಗಾರ ಅಂದ್ರೆ ಮರ ಹತ್ತಿ ಅಡಿಕೆ ಗೊನೆ ಇಳಿಸೋನು.) ಯಾಕೋ, ನಿಂಗೆ ಎಂತ ಆಗಿದೆ ಅಂದೆ. 'ಎಂತ ಇಲ್ಲ. ಅಡ್ಡಿಲ್ಲ' ಅಂದ. ನಾನು ಕಾಫಿ ತರ್ತೀನಿ ಅಂತ ಒಳಗೆ ಎದ್ದು ಹೋದೆ. ಎದ್ದು ಹೋದೆ ಅಂತ ಈಗ ನನ್ನ ಮೇಲೇ ಸಿಟ್ಟು.

ಸ್ವಭಾವದಿಂದ ನಿಜವಾಗ್ಲೂ ಅಪಾಯ ಜಾಸ್ತಿ ಆಗ್ತದಾ? ಆದ್ರೆ ಅದಕ್ಕೆ ಮಾಡೋದಾದ್ರೂ ಎಂತ?

---

ಜಂಬಿಟ್ಟಿಗೆ:

ಅಕ್ಕ, ಉಳಿದವರು ನಿಧಾನಕ್ಕೆ ಬರೀತಾರೆ, ನಾನು ಒಂದೇ ಮಾತು. ಕೊನೆಗಾರನ ನಂಬರ್ ಕೊಟ್ಟಿದ್ದನ್ನ ನಾಳೆಗೆ ಇಡಬೇಡಿ. ಇವತ್ತೇ ಮನೆಗೆ ಫೋನ್ ಮಾಡಿ ಅವನನ್ನ ಒಬ್ಬನೇ ಬಿಡಬೇಡಿ ಅನ್ನಿ. ಡಾಕ್ಟರಿಗೆ ಆ ಮಾತನ್ನ ಹಾಗೇ ಹೇಳಿ. ರಾತ್ರಿ ಡಾಕ್ಟರು ಸಿಗದಿದ್ರೆ 14416, ಟೆಲಿ ಮನಸ್, ದಿನದ 24 ಗಂಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಕೈ ಮೀರ್ತಿದೆ ಅನಿಸಿದ್ರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರ್ಕೊಂಡು ಬನ್ನಿ, ಬಾಡಿಗೆ ಜೀಪಾದ್ರೂ ಸರಿ.

---

ಮಂಗಳವಾರದಕ್ಕ:

ಜಂಬಿಟ್ಟಿಗೆ ಹೇಳಿದ್ದು ಮೊದಲು ಮಾಡಿ, ಆಮೇಲೆ ಇದನ್ನ ಓದಿ.

ನಾನು ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ ಆಗಿದ್ದೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್ ನಡೀತದಲ್ಲ, ಅಲ್ಲಿ. ಮಂಗಳವಾರದಕ್ಕ ಅನ್ನೋ ನನ್ನ ಹೆಸರು ರೋಗಿಗಳೇ ಇಟ್ಟಿದ್ದು.

ಡಾಕ್ಟರು ಕೇಳಿದ್ದು ಸರಿಯಾದ ಪ್ರಶ್ನೆ. ನಿಮ್ಮಪ್ಪ ಕೇಳಿಸ್ಕೊಂಡಿದ್ದು ಬೇರೆ. ಅವರು 'ಸ್ವಭಾವ' ಅಂದ್ರು, ಇವರು 'ಹಣೆಬರಹ' ಅಂತ ಕೇಳಿಸ್ಕೊಂಡ್ರು. ಇಷ್ಟು ವರ್ಷದ ಕೆಲಸದಲ್ಲಿ ಇಂಥ ಅಪ್ಪನನ್ನ ನಾನು ಎಷ್ಟು ಮನೇಲಿ ನೋಡಿದೀನೋ.

ಬೈಪೋಲಾರ್ ಇರೋರಲ್ಲಿ ಆತ್ಮಹತ್ಯೆಯ ಅಪಾಯ ಉಳಿದ ಜನಕ್ಕಿಂತ 20ರಿಂದ 30 ಪಟ್ಟು ಅಂತಾರೆ. ಕೇಳಿದ್ರೆ ಎದೆ ಧಸಕ್ ಅನ್ನುತ್ತೆ, ಗೊತ್ತು. ಆದ್ರೆ ಆ ಅಪಾಯ ವರ್ಷಪೂರ್ತಿ ಒಂದೇ ಸಮ ಇರೋದಿಲ್ಲ. ಫಿನ್ಲೆಂಡಿನ ಯೋರ್ವಿ ಅನ್ನೋ ಆಸ್ಪತ್ರೆ ಕಡೆ ಬೈಪೋಲಾರ್ ಇರೋರನ್ನ ಹದಿನೆಂಟು ತಿಂಗಳು ಹಿಂಬಾಲಿಸಿ ನೋಡಿದ್ರು. ಬೇರೆ ದಿನಗಳಿಗೆ ಹೋಲಿಸಿದ್ರೆ ಖಿನ್ನತೆಯ ದಿನಗಳಲ್ಲಿ ಪ್ರಯತ್ನಗಳು 18 ಪಟ್ಟು. ಏರು ಮತ್ತು ಇಳಿತ ಒಂದರೊಳಗೊಂದು ಬೆರೆತ ಮಿಶ್ರ ಸ್ಥಿತಿಯಲ್ಲಿ 37 ಪಟ್ಟು. ಒಳಗೆ ಪೂರಾ ಕತ್ತಲೆ, ಆದ್ರೆ ಕೈಕಾಲಿಗೆ ಮಾತ್ರ ಎಲ್ಲಿಲ್ಲದ ಶಕ್ತಿ ಬಂದಿರುತ್ತೆ. ನೀವು ಬರೆದಿದೀರಲ್ಲ, ರಾತ್ರಿ ಎರಡು ಗಂಟೆಗೆ ಅಳ್ತಾ ನಗ್ತಾ ಶತಪಥ ಅಂತ? ನನಗೆ ಅದು ಹಾಗೇ ಕಾಣ್ತಿದೆ. ತೀರ್ಮಾನ ಡಾಕ್ಟರದ್ದು. ಆದ್ರೆ ಆ ರಾತ್ರಿಯ ವಿವರ ಒಂದೂ ಬಿಡದೆ ಅವರಿಗೆ ಹೇಳಿ. ನಮ್ಮ ಜನ 'ಸ್ವಲ್ಪ ನಿದ್ದೆ ಕಮ್ಮಿ' ಅಂತ ಅಷ್ಟೇ ಹೇಳಿ ಬರ್ತಾರೆ.

ಇನ್ನು ಸ್ವಭಾವ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಮರಿಯಾ ಒಕೆಂಡೊ ಮತ್ತು ಅವರ ಜೊತೆಯವರು ಖಿನ್ನತೆ, ಬೈಪೋಲಾರ್ ಇದ್ದ 308 ಜನರನ್ನ ಎರಡು ವರ್ಷ ಹಿಂಬಾಲಿಸಿ 2004ರಲ್ಲಿ ಬರೆದ್ರು. ಎರಡು ಥರದವರಿಗೆ ಅಪಾಯ ಹೆಚ್ಚು ಕಂಡಿತು. ಒಂದು, ಎಲ್ಲದರಲ್ಲೂ ಕೆಟ್ಟದ್ದನ್ನೇ ಕಾಣೋರು, ಮುಂದೆ ದಾರಿಯೇ ಇಲ್ಲ ಅನ್ನೋರು. ಇನ್ನೊಂದು, ಸಿಟ್ಟು ಮತ್ತು ದುಡುಕು ಕೂಡಿದವರು. ಹಿಂದೆ ಒಮ್ಮೆ ಪ್ರಯತ್ನ ಮಾಡಿದ್ದವರಿಗೆ, 'ನಂಗೆ ತುಂಬಾ ಕಷ್ಟ ಆಗ್ತಿದೆ' ಅಂತ ತಾವೇ ಹೇಳಿದವರಿಗೆ ಇನ್ನೂ ಹೆಚ್ಚು. ಅವರು ಹೇಳಿದ ಕಷ್ಟ ಹೊರಗಿನವರ ಕಣ್ಣಿಗೆ ಕಾಣದಿದ್ರೂ, ಅವರ ಮಾತೇ ತೂಕದ್ದು. ಬೀಡಿ ಸಿಗರೇಟು ಸೇದೋದೂ ಆ ಪಟ್ಟಿಯಲ್ಲಿತ್ತು. ಯಾಕೆ ಅನ್ನೋದು ಬೇರೆ ಚರ್ಚೆ, ಆದ್ರೆ ನಮ್ಮಲ್ಲಿ ಅದನ್ನ ಕೇಳೋರೇ ಇಲ್ಲ.

ಹಾಗಂತ ಸ್ವಭಾವ ನೋಡಿ ಇಂಥವರೇ ಅಂತ ಬೆರಳು ಮಾಡಿ ತೋರಿಸೋಕೆ ಆಗಲ್ಲ. 50 ವರ್ಷದ 365 ಅಧ್ಯಯನಗಳನ್ನ ಒಟ್ಟು ಹಾಕಿ 2017ರಲ್ಲಿ ನೋಡಿದಾಗ, ಯಾವ ಒಂದು ಲಕ್ಷಣವೂ ನಾಣ್ಯ ಚಿಮ್ಮಿ ಹೇಳೋದಕ್ಕಿಂತ ಹೆಚ್ಚೇನೂ ಮುಂದೆ ಹೋಗಿರಲಿಲ್ಲ. ಇದನ್ನ ನಿಮ್ಮಪ್ಪನಿಗೆ ಹೇಳಿ. ಹಣೇಲಿ ಬರ್ದಿದ್ರೆ ಅಷ್ಟು ಜನ ಓದಿದವರು ಓದ್ತಿರಲಿಲ್ವಾ?

ಮತ್ತೆ ಡಾಕ್ಟರು ದುಡುಕಿನ ಬಗ್ಗೆ ಯಾಕೆ ಕೇಳಿದ್ರು? ಹೊತ್ತಿನ ಲೆಕ್ಕಕ್ಕೆ. ಯೋಚನೆ ಬಂದದ್ದಕ್ಕೂ ಕೈ ಮುಂದಾಗೋದಕ್ಕೂ ನಡುವೆ ಒಂದಿಷ್ಟು ಹೊತ್ತಿರುತ್ತೆ. ಕೆಲವರಿಗೆ ದಿನಗಟ್ಟಲೆ, ದುಡುಕಿನವರಿಗೆ ನಿಮಿಷಗಳು. ಆ ನಿಮಿಷ ದಾಟಿದ್ರೆ ಎಷ್ಟೋ ಸಲ ಆ ಅಲೆ ಇಳಿಯುತ್ತೆ. ಅವನ ದುಡುಕನ್ನ ನೀವು ತಿದ್ದೋಕೆ ಹೋಗಬೇಡಿ, ಈಗಂತೂ ಬೇಡ. ಆ ಹೊತ್ತನ್ನ ಉದ್ದ ಮಾಡಿ. ತೋಟದ ಮನೆಗಳಲ್ಲಿ ಇದು ಸುಲಭ ಅಲ್ಲ, ನನಗೆ ಗೊತ್ತು. ಔಷಧಿ ಹೊಡೆಯೋ ಸಾಮಾನೆಲ್ಲ ಕೊಟ್ಟಿಗೆ ಪಕ್ಕದಲ್ಲೇ ಇರುತ್ತೆ, ಬಾಗಿಲಿಗೆ ಬರೀ ಚಿಲಕ. ಅದನ್ನೆಲ್ಲ ಈ ಸೀಸನ್ ಮಟ್ಟಿಗೆ ನೆಂಟರ ಮನೆಗೋ ಪಕ್ಕದ ತೋಟಕ್ಕೋ ಸಾಗಿಸಿ. ಬೀಗ ಹಾಕಿ ಕೀಲಿ ಗಡಿಯಾರದ ಹಿಂದಿಟ್ರೆ ಅದು ಬೀಗ ಅಲ್ಲ. ಬೆಳೆ ಕಾಯೋ ಕೋವಿ ಇದ್ರೆ, ಚುನಾವಣೆ ಹೊತ್ತಿಗೆ ಠಾಣೆಯಲ್ಲಿ ಇಡ್ತೀರಲ್ಲ, ಹಾಗೇ ಇಟ್ಟು ರಸೀದಿ ತಗೊಳ್ಳಿ. ಮಾತ್ರೆ ಅಮ್ಮನ ಕೈಲಿರಲಿ, ಒಂದು ವಾರದ್ದು ಮಾತ್ರ ಮನೇಲಿ. ಇದು ಅವನ ಮೇಲೆ ಅನುಮಾನ ಅಂತಲ್ಲ, ಅವನಿಗೆ ಹೇಳೇ ಮಾಡಿ.

ಇನ್ನು, ನೇರವಾಗಿ ಕೇಳಿ. 'ಬೇಜಾರಾ, ಎಂತ ಯೋಚನೆ' ಅಂತ ಸುತ್ತಿ ಬಳಸಿ ಅಲ್ಲ. 'ಸಾಯಬೇಕು ಅಂತ ಅನಿಸ್ತಿದೆಯಾ?' ಇಷ್ಟೇ ಶಬ್ದ. ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗಲ್ವಾ ಅಂತ ಎಲ್ರೂ ಹೆದರ್ತಾರೆ. ಆಗಲ್ಲ. ಅದನ್ನ ಬೇಕಾದಷ್ಟು ಪರೀಕ್ಷೆ ಮಾಡಿ ನೋಡಿದ್ದಾರೆ. ಕಾಫಿ ತರೋಕೆ ಎದ್ದು ಹೋಗಿದ್ದಕ್ಕೆ ನಿಮ್ಮನ್ನ ನೀವು ಬೈಕೊಳ್ಳೋದು ಬಿಡಿ. ಇಪ್ಪತ್ತು ತರಬೇತಿ ಆದ ಮೇಲೂ ಒಮ್ಮೆ ನಾನೂ ಎದ್ದು ಹೋಗಿದೀನಿ, ಫೈಲ್ ತರ್ತೀನಿ ಅಂತ.

---

ದೇವಸ್ವಂ:

ಇದಕ್ಕೆಲ್ಲ ಇಂಗ್ಲಿಷ್ ಮಾತ್ರೆಯೇ ಮೂಲ. ಹತ್ತು ವರ್ಷ ನುಂಗಿ ಆಗಿದ್ದೇನು? ಪೂರ್ತಿ ಬಿಡಿಸಿ. ಜಾತಕ ತೋರಿಸಿ, ಚಂದ್ರ ಕೆಟ್ಟಿರ್ತಾನೆ. ಮನೋಬಲ ಇಲ್ಲದವರಿಗೆ ಬರೋ ಕಾಯಿಲೆ ಇದು.

---

ಬೋರ್ಡಿನಧೂಳು:

ಮೇಲಿನವರಿಗೆ: ಹತ್ತು ವರ್ಷ ನುಂಗಿ ಆಗಿದ್ದು ಹತ್ತು ವರ್ಷ. ಬಿಟ್ಟ ಮೇಲೆ ಆಗಿದ್ದನ್ನ ಅವರೇ ಬರೆದಿದಾರೆ. ಲಿಥಿಯಂ ದಿಢೀರ್ ಬಿಟ್ರೆ ಕಾಯಿಲೆ ತಿರುಗಿ ಬರೋದಷ್ಟೇ ಅಲ್ಲ, ಅದಾದ ಮೊದಲ ತಿಂಗಳುಗಳಲ್ಲಿ ಪ್ರಾಣದ ಅಪಾಯವೂ ಏರುತ್ತೆ. ಪೂಜೆ ಮಾಡಿಸೋದಕ್ಕೆ ನನ್ನ ತಕರಾರಿಲ್ಲ, ನಮ್ಮಮ್ಮನೂ ಮಾಡಿಸಿದ್ರು. ಪ್ರಸಾದದ ಜೊತೆ ಮಾತ್ರೆ ನುಂಗಿದೆ.

ಹೊಳೆಯಾಚೆ ಅವರೇ, ನಾನು ಸಾಗರದ ಕಡೆಯ ಹೈಸ್ಕೂಲ್ ಗಣಿತದ ಮೇಷ್ಟ್ರು. ಬೈಪೋಲಾರ್ ಎರಡನೇ ಬಗೆ (ಏರು ಅಷ್ಟು ಜೋರಿರಲ್ಲ, ಇಳಿತವೇ ಹೆಚ್ಚು), 2011ರಿಂದ. ಮಂಗಳವಾರದಕ್ಕನ ಮಾತು ಒಪ್ತೀನಿ, ಆದ್ರೆ ಒಂದು ಸೇರಿಸಬೇಕು. ದುಡುಕಿನವನ ಕಡೆ ಮನೆಯವರ ಕಣ್ಣಿರುತ್ತೆ, ಅವನು ಬಾಗಿಲು ಹಾಕಿದ್ರೂ ಸದ್ದಾಗುತ್ತೆ. ನಾನು ಆ ಜಾತಿ ಅಲ್ಲ. ಚಾಕ್‌ಪೀಸ್ ಡಬ್ಬಿಯನ್ನೂ ಎಣಿಸಿ ಇಡೋನು, ಬಸ್ಸಿಗೆ ಮುಕ್ಕಾಲು ಗಂಟೆ ಮೊದಲೇ ನಿಲ್ಲೋನು, ಯಾರಿಗೂ ತೊಂದರೆ ಕೊಡಬಾರದು ಅನ್ನೋನು. ಇದಕ್ಕೂ ಡಾಕ್ಟರ ಭಾಷೆಯಲ್ಲಿ ಹೆಸರಿದೆ. ಕ್ಲೋನಿಂಜರ್ ಅನ್ನೋ ಮನೋವೈದ್ಯರು ಮಾಡಿದ ಸ್ವಭಾವದ ಅಳತೆಯಲ್ಲಿ ಇದನ್ನ ಹಾನಿಗೆ ಹೆದರಿ ಹಿಂದೆ ಸರಿಯೋ ಗುಣ ಅಂತಾರೆ. ಇದು ಹೆಚ್ಚಿದ್ದವರಲ್ಲೂ ಪ್ರಯತ್ನಗಳು ಹೆಚ್ಚು ಕಂಡಿವೆ. ನನ್ನ ಕೆಟ್ಟ ವರ್ಷದಲ್ಲಿ ನಾನು ಒಂದೂ ರಜೆ ಹಾಕಲಿಲ್ಲ. ಎಸ್ಸೆಸ್ಸೆಲ್ಸಿ ಹುಡುಗರ ನೋಟ್ಸು ಮೊದಲೇ ಮುಗಿಸಿ, ವಿಮೆ ಕಾಗದ ಜೋಡಿಸಿ, ಸಾಲದ ಪಟ್ಟಿ ನೀಟಾಗಿ ಬರೆದಿಟ್ಟೆ. ಹೆಂಡತಿ 'ಈಗ ಸುಧಾರಿಸಿದಾರೆ, ಮನೆ ಕೆಲಸವೆಲ್ಲ ಅಚ್ಚುಕಟ್ಟು' ಅಂತ ತವರಿಗೆ ಫೋನ್ ಮಾಡಿ ಹೇಳಿದ್ಳು. ಅವಳ ಅಣ್ಣನಿಗೆ ಏನನ್ನಿಸಿತೋ, ಅದೇ ರಾತ್ರಿ ಸಿರಸಿಯಿಂದ ಬೈಕಲ್ಲಿ ಬಂದ. ಅದಕ್ಕೇ ಇವತ್ತು ಇಲ್ಲಿ ಬರೀತಿದೀನಿ. ಹಾಗಾಗಿ ನಿಮ್ಮ ತಮ್ಮನ ವಿಷಯದಲ್ಲಿ ನನಗೆ ಹೆದರಿಕೆ ಆಗಿದ್ದು ದುಡುಕಿಗಲ್ಲ. ದುಡುಕಿನ ಹುಡುಗ ಕೂತು ಕೊನೆಗಾರನ ನಂಬರ್ ಬರೆಸಿದಾನಲ್ಲ, ಅದಕ್ಕೆ. ಅವನ ಸ್ವಭಾವಕ್ಕೆ ಸೇರದ ಕೆಲಸ ಅದು.

ಆ ಪ್ರಶ್ನೆ ಪತ್ರಿಕೆ ಬಗ್ಗೆ. ನನಗೂ ಕೊಟ್ಟಿದ್ರು, ಹೌದು-ಇಲ್ಲದ 110 ಪ್ರಶ್ನೆ, ಅಕಿಸ್ಕಲ್ ಅನ್ನೋ ಮನೋವೈದ್ಯರ ತಂಡದ್ದು. ಮನುಷ್ಯರ ಮನೋಧರ್ಮವನ್ನ ಅದು ಐದಾಗಿ ನೋಡುತ್ತೆ: ಸದಾ ಮಂಕು, ಏರಿಳಿತದ್ದು, ಉತ್ಸಾಹದ್ದು, ಸಿಡುಕು, ಆತಂಕ. ಏರಿಳಿತ, ಸಿಡುಕು, ಆತಂಕ, ಮಂಕು ಇದ್ದವರಲ್ಲಿ ಆತ್ಮಹತ್ಯೆಯ ಯೋಚನೆ ಜಾಸ್ತಿ, ಉತ್ಸಾಹದವರಲ್ಲಿ ಕಡಿಮೆ ಅಂತ ಅಧ್ಯಯನಗಳು ತೋರಿಸಿವೆ. ಆದ್ರೆ ಕೇಳಿ. ಕುಸಿದಿದ್ದಾಗ ನಾನು ತುಂಬಿದ ಹಾಳೆಯನ್ನ ಡಾಕ್ಟರು ಎತ್ತಿಟ್ಟಿದ್ರು. ಏಳು ತಿಂಗಳ ಮೇಲೆ, ಚೆನ್ನಾಗಿದ್ದಾಗ, ಖಾಲಿ ಹಾಳೆ ಕೊಟ್ಟು ಮತ್ತೆ ತುಂಬಿಸಿ ಎರಡನ್ನೂ ಮೇಜಿನ ಮೇಲೆ ಪಕ್ಕ ಪಕ್ಕ ಇಟ್ರು. 'ನಾನು ಹುಟ್ಟಿನಿಂದಲೇ ದುಃಖದ ಮನುಷ್ಯ' ಅನ್ನೋ ಅರ್ಥದ್ದಕ್ಕೆ ಮೊದಲ ಹಾಳೆಯಲ್ಲಿ ಹೌದು, ಪೆನ್ನು ಒತ್ತಿ ಕಾಗದ ತೂತಾಗಿದೆ. ಎರಡನೆಯದರಲ್ಲಿ ಇಲ್ಲ. ಎಣಿಸಿದೆ, ಮೇಷ್ಟ್ರಲ್ವಾ, 31 ಉತ್ತರ ಬದಲಾಗಿತ್ತು. ಎಚ್ಚರಿಕೆ, ಲೆಕ್ಕಾಚಾರ, ಯಾರ ಹತ್ತಿರವೂ ಕೇಳದ ಗುಣ, ಅವೆಲ್ಲ ಹಾಗೇ ಇದ್ದವು. ಹಾಗಾಗಿ ಈಗ ತುಂಬಿದ ಹಾಳೆ ನೋಡಿ ನಿಮ್ಮ ತಮ್ಮ ಇಂಥವನು ಅಂತ ಮುದ್ರೆ ಒತ್ತಬೇಡಿ. ಅರ್ಧ ಬರೆದಿದ್ದು ಅವನು, ಅರ್ಧ ಕಾಯಿಲೆ.

ಲಿಥಿಯಂ ಬಗ್ಗೆ, ನಡುಕಕ್ಕೆ ಹೆದರಿ ಬಿಡೋರು ಬಹಳ ಜನ. ಡಾಕ್ಟರಿಗೆ ಹೇಳಿದ್ರೆ ಪ್ರಮಾಣ ಇಳಿಸ್ತಾರೆ, ಇಲ್ಲಾ ನಡುಕಕ್ಕೇ ಬೇರೆ ಮಾತ್ರೆ ಕೊಡ್ತಾರೆ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದಕ್ಕೆ ಇದು ಕೆಲಸ ಮಾಡುತ್ತೆ ಅಂತ ಬರೆದಾಗಿಂದ ಇದೆ, ಹಳೇ ಔಷಧಿ. ಆತ್ಮಹತ್ಯೆ ತಡೆಯುತ್ತೆ ಅನ್ನೋದಕ್ಕೆ ಹಲವು ಅಧ್ಯಯನಗಳ ಬೆಂಬಲ ಇದೆ. ಅಮೆರಿಕದ 519 ಮಾಜಿ ಸೈನಿಕರ ಮೇಲೆ ಮಾಡಿ 2021ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಹೇಳಿಬಿಡ್ತೀನಿ, ಅವರಲ್ಲಿ ಬಹಳ ಜನಕ್ಕೆ ಇದ್ದದ್ದು ಬೈಪೋಲಾರ್ ಅಲ್ಲದ ಖಿನ್ನತೆ. ತೋಟದ ಕೆಲಸದವರಿಗೆ ಒಂದು ಎಚ್ಚರಿಕೆ: ಬೆನ್ನುನೋವಿಗೆ ಅಂತ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಬಾರದು, ರಕ್ತದಲ್ಲಿ ಲಿಥಿಯಂ ಏರಿಬಿಡುತ್ತೆ. ವಾಂತಿ ಭೇದಿ ಆದಾಗ, ತುಂಬಾ ಬೆವರಿದಾಗಲೂ ಹುಷಾರು. ಕಿಡ್ನಿ, ಥೈರಾಯ್ಡ್ ಪರೀಕ್ಷೆ ತಪ್ಪಿಸಬೇಡಿ.

---

ಹೊಳೆಯಾಚೆ:

ಎಲ್ರಿಗೂ ಉತ್ತರ ಕೊಡೋಕೆ ಆಗಿರಲಿಲ್ಲ, ಊರಲ್ಲಿದ್ದೆ. ಅಲ್ಲಿ ನೆಟ್‌ವರ್ಕ್ ಬೇಕಂದ್ರೆ ಗುಡ್ಡದ ನೀರಿನ ಟ್ಯಾಂಕ್ ತನಕ ಹತ್ತಬೇಕು.

ಅವತ್ತು ರಾತ್ರಿಯೇ ಅಪ್ಪನಿಗೆ ಫೋನ್ ಮಾಡಿದೆ, ಮರುದಿನ ಮೊದಲ ಬಸ್ಸಿಗೆ ಹೋದೆ. ತಮ್ಮ ಚಪ್ಪರದ ಮೇಲೆ ಅಡಿಕೆ ಹರಡ್ತಾ ಇದ್ದ. ಏಣಿ ಹತ್ತಿ ಕೂತೆ. ಮಂಗಳವಾರದಕ್ಕ ಹೇಳಿಕೊಟ್ಟ ಮಾತು ಬಸ್ಸಲ್ಲಿ ಮಂಡಗದ್ದೆ ದಾಟೋ ತನಕ ಬಾಯಿಪಾಠ ಮಾಡಿದ್ದೆ, ಅಲ್ಲಿ ಕೂತಾಗ ಗಂಟಲೇ ಒಣಗಿತು. ಕೇಳಿದೆ. ಅವನು ಅಡಿಕೆ ಹರಡೋದು ನಿಲ್ಲಿಸಲಿಲ್ಲ. ಸುಮಾರು ಹೊತ್ತಾದ ಮೇಲೆ 'ಹೌದು' ಅಂದ. ಎಷ್ಟು ದಿನದಿಂದ ಅಂದೆ. 'ಮಘೆ ಮಳೆಯಿಂದ.' ಅಂದ್ರೆ ಮೂರು ತಿಂಗಳು. ಆಮೇಲೆ ಅವನೇ, 'ನೀ ಕೇಳಿದ್ದು ಅಡ್ಡಿಲ್ಲ' ಅಂದ. ಈ ಅಡ್ಡಿಲ್ಲ ಬೇರೆ ಥರ ಇತ್ತು.

ಗುಡ್ಡ ಹತ್ತಿ 14416ಕ್ಕೆ ಇಬ್ರೂ ಸೇರಿ ಮಾತಾಡಿದ್ವಿ. ಡಾಕ್ಟರು ಅದೇ ದಿನ ಬರೋಕೆ ಹೇಳಿದ್ರು. ಹತ್ತು ದಿನ ದಾಖಲಾಗಿದ್ದ, ಮೊನ್ನೆ ಬಿಟ್ರು. ಈಗ ನಮ್ಮನೇಲೇ ಇದ್ದಾನೆ. ಆಸ್ಪತ್ರೆಯಿಂದ ಬಂದ ಮೊದಲ ವಾರಗಳಲ್ಲೇ ಹೆಚ್ಚು ಎಚ್ಚರ ಬೇಕು ಅಂದಿದ್ದಾರೆ.

ಊರಲ್ಲಿ ಔಷಧಿ ಸಾಮಾನೆಲ್ಲ ಚಿಕ್ಕಪ್ಪನ ಮನೆಗೆ ಹೋಯ್ತು. ಕೋವಿಗೆ ಅಪ್ಪ ಸುತಾರಾಂ ಒಪ್ಪಲಿಲ್ಲ, ಮಂಗ ಬಂದು ತೋಟ ಹಾಳು ಮಾಡ್ತದೆ ಅಂತ. ಅಮ್ಮ ಅಡುಗೆ ಮನೆಯಿಂದಲೇ, 'ಮಂಗ ತಿಂದ್ರೆ ತಿನ್ಲಿ, ಅದಕ್ಕೂ ಹೊಟ್ಟೆ ಇದೆ' ಅಂದ್ರು. ಹನ್ನೊಂದು ವರ್ಷದಲ್ಲಿ ಅಮ್ಮ ಅಪ್ಪನ ಎದುರು ಹೇಳಿದ ಮೊದಲ ಮಾತಿರಬೇಕು. ಮಾರನೇ ದಿನ ಅಪ್ಪನೇ ಠಾಣೆಗೆ ಕೊಟ್ಟು ಬಂದ್ರು.

ಆಸ್ಪತ್ರೆಯಲ್ಲಿ ಕೌನ್ಸೆಲರ್ ಒಬ್ರು ಅವನ ಕೈಲೇ ಒಂದು ಸುರಕ್ಷತೆಯ ಹಾಳೆ ಬರೆಸಿದಾರೆ. ಮಂಡಿ ಕ್ಯಾಲೆಂಡರಿನ ಹಿಂಬದಿಗೆ ಅಂಟಿಸಿದೀವಿ. ಕೆಡ್ತಿದೆ ಅನ್ನೋದಕ್ಕೆ ಗುರುತು ಏನು, ಆಗ ಒಬ್ಬನೇ ಏನು ಮಾಡ್ತೀನಿ, ಎಲ್ಲಿಗೆ ಹೋಗ್ತೀನಿ, ಯಾರಿಗೆ ಫೋನ್ ಮಾಡ್ತೀನಿ, ಡಾಕ್ಟರ್ ನಂಬರ್. ಮೊದಲ ಗುರುತು ಅಂತ ಬರೆದಿದ್ದಾನೆ: 'ನಿದ್ದೆ ಬೇಡ ಅನಿಸೋದು'. ಎರಡನೆಯದು: 'ಲೆಕ್ಕ ಒಪ್ಪಿಸೋಕೆ ಶುರು ಮಾಡೋದು'. ಅದನ್ನ ನಾನು ಹೇಳಿಕೊಟ್ಟಿಲ್ಲ. ಮೇಷ್ಟ್ರೇ, ನೀವು ಬರೆದಿದ್ದು ಓದಿ ಹೇಳಿದ್ದೆ, ಅವನು ಏನೂ ಅಂದಿರಲಿಲ್ಲ.

ಒಂದು ಸಣ್ಣ ಅನುಮಾನ. ಶುಕ್ರವಾರ ಲಿಥಿಯಂ ರಕ್ತ ಪರೀಕ್ಷೆ ಇದೆ. ಕೊನೆಯ ಮಾತ್ರೆ ಆಗಿ 12 ಗಂಟೆ ಬಿಟ್ಟು ಬನ್ನಿ ಅಂದಿದ್ದಾರೆ. ಲ್ಯಾಬು ಬಾಗಿಲು ತೆಗೆಯೋದು ಎಂಟೂವರೆಗೆ. ಬೆಳಗಿನ ಮಾತ್ರೆ ತಗೊಂಡು ಹೋಗಬಹುದಾ?

---

ಬೋರ್ಡಿನಧೂಳು:

ಬೇಡ. ಗುರುವಾರ ರಾತ್ರಿದು ಎಂಟೂವರೆಗೆ ಸರಿಯಾಗಿ ಕೊಡಿ. ಬೆಳಗಿನದು ಜೇಬಲ್ಲಿಟ್ಕೊಂಡು ಹೋಗಿ, ರಕ್ತ ಕೊಟ್ಟ ಮೇಲೆ ನುಂಗ್ಲಿ. ನೀರು ಕುಡಿಯೋಕೆ ಅಡ್ಡಿಲ್ಲ. ನನ್ನ ರಕ್ತದ ಲಿಥಿಯಂ ಮಟ್ಟ ಸಾಧಾರಣ 0.6ರಿಂದ 0.8ರ ಒಳಗೆ ಬರುತ್ತೆ, ಅವನಿಗೆ ಎಷ್ಟು ಬೇಕು ಅನ್ನೋದು ಡಾಕ್ಟರು ನೋಡಿ ಹೇಳ್ತಾರೆ. ಶುಕ್ರವಾರ ನಾನೂ ಶಿವಮೊಗ್ಗಕ್ಕೆ ಬರೋನಿದೀನಿ, ಪರೀಕ್ಷೆ ಪೇಪರ್ ಕಟ್ಟು ಕೊಡೋದಿದೆ. ಅವನಿಗೆ ಇಷ್ಟ ಇದ್ರೆ ಬಸ್ ಸ್ಟ್ಯಾಂಡ್ ಹತ್ತಿರ ಕಾಫಿಗೆ ಸಿಗ್ತೀನಿ ಅನ್ನಿ. ಕಾಯಿಲೆ ಮಾತು ಎತ್ತಲ್ಲ, ಅಡಿಕೆ ರೇಟು ಕೇಳ್ತೀನಿ ಅಷ್ಟೇ.